ಒರೆಸದೆ ಕಳಿಸಿ

ಏಪ್ರಿಲ್ 9

ಅತ್ತಿಗೆ,

ಈ ಕಾಗದ ನಿಮ್ಮ ಕೈಗೇ ಸಿಗಲಿ ಎಂದು ನಿಮ್ಮಲ್ಲಿಗೆ ವಾಪಸು ಬರುವ ಪೆಟ್ಟಿಗೆಯ ತಳದಲ್ಲಿ, ಹುಲ್ಲಿನ ಕೆಳಗೆ ಮಡಚಿ ಇಟ್ಟಿದ್ದೇನೆ. ರೋಪ್‌ವೇಯ ಮೇಲಿನ ನಿಲ್ದಾಣದಲ್ಲಿ ಟಿಕೆಟ್ ಕೊಡುವವರೂ ನೀವೇ, ಪಾರ್ಸೆಲ್ ಬಿಚ್ಚುವವರೂ ನೀವೇ ಎಂಬ ಧೈರ್ಯ. ಅಣ್ಣನಿಗೆ ಸಿಕ್ಕಿದರೆ ನನ್ನ ಅಕ್ಷರ ಕಂಡೊಡನೆ ಒಲೆಗೆ ಹಾಕುತ್ತಾನೆ. ಫೋನಿನಲ್ಲಿ ಹೇಳೋಣವೆಂದರೆ ಅದು ನಿಮ್ಮ ಸಾಹೇಬರ ಮೇಜಿನ ಮೇಲಿದೆ. ಅಣ್ಣನೂ ನಾನೂ ಮಾತು ಬಿಟ್ಟು ಮೂರು ವರ್ಷವಾಯಿತು, ಆ ಜಗಳಕ್ಕೆ ನಿಮ್ಮನ್ನು ಎಳೆಯುವುದಿಲ್ಲ. ಆದರೆ ನನಗೆ ಹೆದರಿಕೆಯಾಗಿದೆ ಅತ್ತಿಗೆ, ಬರೆಯದೆ ಇರಲಾರೆ.

ಹಗ್ಗ ಎಳೆಯುವ ನಿಮ್ಮ ದೊಡ್ಡ ಚಕ್ರದ ನಡುವಿನ ಶಾಫ್ಟಿನಿಂದ ಬಿಚ್ಚಿದ ಹಳೇ ಬೇರಿಂಗು ಕಳೆದ ವಾರ ನಮ್ಮ ಪರೀಕ್ಷಾ ಕೋಣೆಗೆ ಬಂತು. ನನ್ನ ಕೆಲಸ ನಿಮಗೆ ಗೊತ್ತಲ್ಲ, ಸವೆದ ಲೋಹದ ಮುಖ ನೋಡಿ ಅದಕ್ಕೆ ಏನಾಗಿದೆ ಎಂದು ಹೇಳುವುದು. ಭಾರ ಹೊತ್ತು ಹೊತ್ತು ದಣಿದ ಲೋಹ ಸಿಪ್ಪೆಸಿಪ್ಪೆಯಾಗಿ ಉದುರಿ, ಸಿಡುಬಿನ ಕಲೆಯ ಹಾಗೆ ಗುಳಿ ಬೀಳುತ್ತದೆ. ಮರಳು ಸೇರಿದ್ದರೆ ಒಂದೇ ದಿಕ್ಕಿಗೆ ಗೀರು. ಎಣ್ಣೆ ಸಾಲದೆ ಕಾದಿದ್ದರೆ ಎರಡು ಮುಖಗಳು ಅಂಟಿ ಕಿತ್ತ ಗುರುತು. ನೀರು ನುಗ್ಗಿದ್ದರೆ ತುಕ್ಕು ತೂತು ಕೊರೆದಿರುತ್ತದೆ. ಯಾವುದೇ ಆಗಲಿ, ಗ್ರೀಸು, ಪುಡಿ, ಕೊಳೆ ಎಲ್ಲ ಹಾಗೇ ಇದ್ದರೆ ಮಾತ್ರ ನಾನು ಓದಬಲ್ಲೆ.

ಯಂತ್ರ ನೋಡಿಕೊಳ್ಳುವ ಅಣ್ಣ ಅದನ್ನು ಕಳಿಸಿದ್ದು ಹೇಗಿತ್ತು ಗೊತ್ತಾ? ಮದುವೆಗೆ ಹೊರಟ ಹಾಗಿತ್ತು. ಸೀಮೆಎಣ್ಣೆಯಲ್ಲಿ ತೊಳೆದು, ಎಮರಿ ಕಾಗದದಲ್ಲಿ ತಿಕ್ಕಿ, ಒಳಗೂ ಹೊರಗೂ ಫಳಫಳ. ನಮ್ಮ ಕೋಣೆಯವರು, "ಇದೇನು, ಹೊಸದನ್ನೇ ಕಳಿಸಿಬಿಟ್ರಾ?" ಎಂದು ನಕ್ಕರು. ನನಗೆ ನಗು ಬರಲಿಲ್ಲ. ಬೆಳಗುವುದು ನಮ್ಮ ಮನೆಯ ಹುಚ್ಚು ಅತ್ತಿಗೆ. ಚಿಕ್ಕವರಿದ್ದಾಗ ನಾವು ತಿಕ್ಕಿದ ಪಾತ್ರೆಯನ್ನು ಅಮ್ಮ ನಮ್ಮ ಮುಖಕ್ಕೇ ಹಿಡಿದು, "ಮೂಗು ಕಾಣುತ್ತಾ?" ಎಂದು ಕೇಳುತ್ತಿದ್ದಳು. ಕಾಣದಿದ್ದರೆ ಮತ್ತೆ ತಿಕ್ಕಬೇಕಿತ್ತು.

ಬೇರಿಂಗಿನ ಒಳಬಳೆಯ ಅಂಚಿನ ಸಂದಿಗೆ ಮಾತ್ರ ಅವನ ಎಮರಿ ಹೋಗಿಲ್ಲ. ಅಲ್ಲಿ ಚಿಟಿಕೆಗೂ ಸಾಲದ ಒಂದಿಷ್ಟು ಪುಡಿ ಉಳಿದಿತ್ತು. ಕೆಂಪು ಮಿಶ್ರಿತ ಕಂದು, ಹಿಟ್ಟಿನಷ್ಟು ನಯ. ಅದು ಮಾಮೂಲಿ ತುಕ್ಕಲ್ಲ. ಬಿಗಿಯಾಗಿ ಕೂತಿರಬೇಕಾದ ಎರಡು ಲೋಹಗಳು ಕಣ್ಣಿಗೆ ಕಾಣದಷ್ಟು ಅಲುಗಿ ಅಲುಗಿ ಒಂದನ್ನೊಂದು ಅರೆದಾಗ ಬರುವ ಪುಡಿ. ಒಳಬಳೆ ಅಪ್ಪಿಕೊಂಡು ಕೂರುವುದು ಶಾಫ್ಟನ್ನು. ಹಾಗಾದರೆ ಅರೆದಿರುವುದೂ ಶಾಫ್ಟನ್ನೇ. ನೀವು ಬೇರಿಂಗು ಬದಲಾಯಿಸಿದಿರಿ, ಶಾಫ್ಟು ಅಲ್ಲೇ ತಿರುಗುತ್ತಿದೆ. ಬಿರುಕು ಹುಟ್ಟುವುದು ಇಂಥ ಅರೆದ ಜಾಗದಲ್ಲಿ.

ನಿಮ್ಮ ಗುಬ್ಬಿ ದಿನಾ ಆ ರೋಪ್‌ವೇಯಲ್ಲೇ ಶಾಲೆಗೆ ಇಳಿಯುತ್ತಾಳಲ್ಲ, ಅದು ನೆನಪಾದರೆ ಊಟ ಸೇರುವುದಿಲ್ಲ. ಇನ್ನೊಂದು ಬದಿಯ ಬೇರಿಂಗು ಬಿಚ್ಚಿದಾಗ ಅದನ್ನು ಒರೆಸದೆ ಕಳಿಸಿ. ಏನಾದರೂ ಉಪಾಯ ಮಾಡಿ, ಒರೆಸದೆ ಕಳಿಸಿ.

ನಿಮ್ಮ ನಾದಿನಿ


ಏಪ್ರಿಲ್ 21

ನಾದಿನಿ ಮಹಾರಾಯ್ತಿಗೆ,

ಮೂರು ವರ್ಷದ ಮೇಲೆ ಕಾಗದ ಬರೆದಿದ್ದೀಯ, ಹೇಗಿದ್ದೀರಿ ಅತ್ತಿಗೆ ಅಂತ ಒಂದು ಮಾತು ಬೇಡವೇನೇ? ಬರೀ ಬೇರಿಂಗು, ಪುಡಿ, ತುಕ್ಕು. ಲೋಹದ ಮೇಲಿನ ಅಕ್ಕರೆಯಲ್ಲಿ ಅರ್ಧ ಮನುಷ್ಯರ ಮೇಲೂ ಇರಲಿ. ನಾನು ಚೆನ್ನಾಗಿದ್ದೇನೆ. ಸೊಂಟನೋವಿದೆ, ಗಂಡನೂ ಇದ್ದಾರೆ, ಎರಡಕ್ಕೂ ಇನ್ನೂ ಮದ್ದು ಸಿಕ್ಕಿಲ್ಲ.

ಇನ್ನೊಂದು ಬೇರಿಂಗನ್ನು ಈ ಸೋಮವಾರದ ರಜೆಯಲ್ಲಿ ಬಿಚ್ಚಿದರು. ಊಟಕ್ಕೆ ಕೂತಾಗ ಮೆಲ್ಲಗೆ ಮಾತು ತೆಗೆದೆ. "ಈ ಸಲ ಬಿಚ್ಚಿದ್ದನ್ನ ಹಾಗೇ ಕಳಿಸಿದ್ರೆ ಆಗಲ್ವಾ? ತಿಕ್ಕಿ ತಿಕ್ಕಿ ನಿಮ್ಮ ಕೈ ಸವೆದುಹೋಗ್ತಿದೆ."

"ಕೊಳಕು ಸಾಮಾನು ಕಳಿಸಿ ನನ್ನ ಮರ್ಯಾದೆ ತೆಗೀಬೇಕಾ? ಮೇಲೆ ಎಂಥ ಹಂದಿಗಳು ಕೆಲಸ ಮಾಡ್ತವೆ ಅಂದುಕೊಳ್ತಾರೆ ಕೆಳಗಿನವರು."

ಅಷ್ಟೇ. ತಟ್ಟೆ ಖಾಲಿಯಾಗುವ ಮುಂಚೆ ಎದ್ದು ಹೋಗಿ ಸೀಮೆಎಣ್ಣೆ ಡಬ್ಬ ತೆಗೆದರು. ಈ ಪೆಟ್ಟಿಗೆಯಲ್ಲೇ ಇದೆ ನೋಡು, ಮುಖ ನೋಡಿಕೊಂಡು ತಲೆ ಬಾಚಿಕೋ. ನಿಲ್ದಾಣದಲ್ಲಿ ಎಲ್ಲರೂ ಅವರನ್ನು ಕನ್ನಡಿ ಅಂತಲೇ ಕರೆಯುವುದು. ಅವರಿಗೂ ಗೊತ್ತು, ಒಳಗೊಳಗೆ ಖುಷಿ.

ನಿನ್ನ ಹೆಸರು ಬಾಯಿಗೆ ಬಂದಿತ್ತು, ನುಂಗಿಕೊಂಡೆ. ಮೂರು ವರ್ಷದ ಹಿಂದೆ ನೀನು ತೊಟ್ಟಿಲು ತೂಗುವ ಕೊಕ್ಕೆಯ ಪಿನ್ನಿನಲ್ಲಿ ಬಿರುಕಿದೆ ಅಂತ ಬರೆದೆ, ರೋಪ್‌ವೇ ನಿಂತಿತು. ಆಮೇಲೆ ಕೊಯ್ದು ನೋಡಿದರೆ ಬಿರುಕೂ ಇಲ್ಲ ಮಣ್ಣೂ ಇಲ್ಲ, ಅರ ಉಜ್ಜಿದ ಗೆರೆ. ಅಷ್ಟರಲ್ಲಿ ಬಸ್ಸಿಲ್ಲದ ಹೊತ್ತಿನಲ್ಲಿ ಕಾಯಿಲೆಯವರನ್ನು ಕುರ್ಚಿಯಲ್ಲಿ ಹೊತ್ತು ಕಾಲುದಾರಿಯಲ್ಲಿ ಇಳಿಯುವಾಗ, ಹಗ್ಗದ ತಂತಿ ನೋಡಿಕೊಳ್ಳುವ ನಮ್ಮ ತಂತಿಯವನು ಜಾರಿ ಬಿದ್ದು ಕಾಲು ಮುರಿದುಕೊಂಡ. ಇವತ್ತಿಗೂ ಕುಂಟುತ್ತಾನೆ. ಅವನು ಎದುರಿಗೆ ನಡೆದು ಬಂದಾಗಲೆಲ್ಲ ನಿಮ್ಮಣ್ಣನ ಮುಖ ಗಂಟಾಗುತ್ತದೆ. ಈಗಂತೂ ಬಸ್ಸಿನ ರಸ್ತೆಗೆ ಬಂಡೆ ಉರುಳಿ ಮುಚ್ಚಿಹೋಗಿದೆ. ಮೊದಲು ಅರ್ಧ ಖಾಲಿ ತೂಗಾಡುತ್ತಿದ್ದ ತೊಟ್ಟಿಲುಗಳು ಈಗ ಜನ, ಮೂಟೆ, ಹಾಲಿನ ಕ್ಯಾನು ಎಲ್ಲ ತುಂಬಿಕೊಂಡು ಇಳಿಯುತ್ತವೆ. ಇದನ್ನು ನಿಲ್ಲಿಸಿ ಅಂತ ನಾನು ಯಾವ ಬಾಯಲ್ಲಿ ಹೇಳಲಿ?

ಇನ್ನೊಂದು ವಿಷಯ. ಹೇಳಬೇಕೋ ಬೇಡವೋ ಅಂತ ಇಷ್ಟು ಹೊತ್ತು ಯೋಚಿಸಿದೆ. ಚಕ್ರದ ಪಕ್ಕ, ಶಾಫ್ಟಿನ ಮೇಲೆ ಬೆಳಿಗ್ಗೆ ಬೆಳಿಗ್ಗೆ ಒಂದು ಕೆಂಪು ಕಲೆ ಇಳಿದಿರುತ್ತದೆ, ಗೋಡೆಗೆ ಹೊಡೆದ ಹಳೇ ಮೊಳೆಯ ಕೆಳಗೆ ಇಳಿಯುತ್ತದಲ್ಲ, ಹಾಗೆ. ನಿಮ್ಮಣ್ಣ ಬಂದವರೇ ಮೊದಲು ಅದನ್ನು ಒರೆಸುತ್ತಾರೆ. ಸಾಹೇಬರು ಬರುವಷ್ಟರಲ್ಲಿ ಏನೂ ಇರುವುದಿಲ್ಲ. ಇದಕ್ಕೂ ನಿನ್ನ ಪುಡಿಗೂ ಸಂಬಂಧ ಇಲ್ಲ ತಾನೇ? ಇಲ್ಲ ಅಂತ ಬರಿ.

ನಿನ್ನ ಅತ್ತಿಗೆ


ಏಪ್ರಿಲ್ 25

ಅತ್ತಿಗೆ,

ಸಂಬಂಧ ಇದೆ. ನಿಮ್ಮ ಕಾಗದದ ಕೊನೆಯ ಸಾಲು ಓದಿದ ಮೇಲೆ ಕೈಯಲ್ಲಿದ್ದ ಮಸೂರ ಮೇಜಿನ ಮೇಲಿಟ್ಟು ಅದನ್ನೇ ಮತ್ತೆ ಮತ್ತೆ ಓದಿದೆ. ಪಕ್ಕದವರು ನೀರು ತಂದುಕೊಟ್ಟರು.

ಆ ಕೆಂಪು ಕಲೆ ಒಳಗಿನಿಂದ ಬರುತ್ತಿದೆ. ಅರೆದ ಪುಡಿ ಎಣ್ಣೆಯ ಜೊತೆ ಸೇರಿ ಅಂಚಿನಿಂದ ಒಸರುತ್ತಿದೆ. ಲೋಹಕ್ಕೆ ಬಾಯಿಲ್ಲ, ತನಗೆ ನೋವಿದೆ ಎಂದು ಅದು ಹೇಳುವ ರೀತಿ ಅದೊಂದೇ. ಅದು ಹೇಳುತ್ತಲೇ ಇದೆ, ಅಣ್ಣ ದಿನಾ ಒರೆಸುತ್ತಲೇ ಇದ್ದಾನೆ. ದೇವರೇ, ಎಷ್ಟು ತಿಂಗಳಿಂದ ಒರೆಸುತ್ತಿದ್ದಾನೋ! ಯಾರ ಮೇಲೆ ಸಿಟ್ಟು ಮಾಡಲಿ? ಸೋಮಾರಿಯಾಗಿದ್ದರೆ ಇಷ್ಟು ಹೊತ್ತಿಗೆ ಯಾರ ಕಣ್ಣಿಗಾದರೂ ಬೀಳುತ್ತಿತ್ತು.

ಇನ್ನೊಂದು ಬೇರಿಂಗಿನಲ್ಲಿ ನನಗೆ ಏನೂ ಸಿಗಲಿಲ್ಲ, ಸಂದಿಯನ್ನೂ ಬಿಡದೆ ತಿಕ್ಕಿದ್ದಾನೆ. ಆದ್ದರಿಂದ ಈಗ ಬೇರಿಂಗು ಬೇಡ. ಅವನು ಒರೆಸುವ ಬಟ್ಟೆ ಕಳಿಸಿ. ತೊಳೆಯುವ ಮುಂಚೆ.

ನಿಮ್ಮ ನಾದಿನಿ


ಮೇ 7

ಪುಟ್ಟೀ,

ಬಟ್ಟೆ ಕಾಗದದಲ್ಲಿ ಸುತ್ತಿ ಇಟ್ಟಿದ್ದೇನೆ. ಇದನ್ನು ಕದಿಯುವುದು ಒಡವೆ ಕದ್ದಷ್ಟು ಕಷ್ಟವಾಯಿತು. ನಿಮ್ಮಣ್ಣ ಒರೆಸುವ ಬಟ್ಟೆಯನ್ನೂ ಆಗಿಂದಾಗಲೇ ಒಗೆದು, ಹಿಂಡಿ, ಸಾಲಾಗಿ ಒಣಹಾಕುವ ಜಾತಿ. ಬಕೆಟ್ಟಿನ ಹತ್ತಿರ ಹೋಗಿ ಸೆರಗಿನಲ್ಲಿ ಮುಚ್ಚಿಕೊಂಡು ಬಂದೆ. ಸಂಜೆ, "ಒಂದು ಬಟ್ಟೆ ಎಲ್ಲಿ ಹೋಯ್ತು?" ಎಂದು ಮೂಲೆಮೂಲೆ ಹುಡುಕಿದರು. ಇಲಿ ಎಳೆದುಕೊಂಡು ಹೋಗಿರಬೇಕು ಅಂದೆ. "ನನ್ನ ಯಂತ್ರದ ಕೋಣೆಯಲ್ಲಿ ಇಲಿಯಾ?" ಎಂದು ಅದಕ್ಕೂ ಸಿಟ್ಟು.

ನಗಿಸೋಣ ಅಂತ ಬರೆದೆ. ನಿಜ ಹೇಳಲಾ? ನಿನ್ನ ಕಾಗದ ಬಂದ ಮೇಲೆ ಟಿಕೆಟ್ ಹರಿಯುವಾಗ ತೊಟ್ಟಿಲಿಗೆ ಎಷ್ಟು ತಲೆ ಎಂದು ಎಣಿಸುತ್ತೇನೆ. ಕೌಂಟರಿನ ಕಿಟಕಿಯಿಂದ ಆ ಚಕ್ರ ಅರ್ಧ ಕಾಣುತ್ತದೆ. ಇಷ್ಟು ವರ್ಷ ಅದು ಅಲ್ಲಿದೆ ಎಂಬುದೇ ಮರೆತುಹೋಗಿತ್ತು. ಈಗ ಕತ್ತು ತಾನಾಗಿ ಅತ್ತ ತಿರುಗುತ್ತದೆ. ನಿನ್ನೆ ಬಾಣಂತಿಯೊಬ್ಬಳು ಮಗು ಎತ್ತಿಕೊಂಡು ಬಂದು ಟಿಕೆಟ್ ಕೇಳಿದಳು. "ಇವತ್ತು ಗಾಳಿ ಜಾಸ್ತಿ ಇದೆ, ನಾಳೆ ಹೋಗಮ್ಮ" ಅಂದುಬಿಟ್ಟೆ. ಒಂದು ಎಲೆ ಅಲುಗುತ್ತಿರಲಿಲ್ಲ. ಅವಳು ನನ್ನನ್ನು ವಿಚಿತ್ರವಾಗಿ ನೋಡಿ, "ನಾಳೆ ಗಾಳಿ ಇರಲ್ವಾ ಅಕ್ಕಾ?" ಎಂದು ಕೇಳಿದಳು. ಟಿಕೆಟ್ ಕೊಟ್ಟೆ, ಇನ್ನೇನು ಮಾಡಲಿ. ತೊಟ್ಟಿಲು ಕೆಳಗೆ ಮುಟ್ಟಿದ ಗಂಟೆ ಬಾರಿಸುವವರೆಗೂ ಮುಂದಿನ ಟಿಕೆಟ್ ಹರಿಯಲಿಲ್ಲ.

ಗುಬ್ಬಿಗೆ ಏನೂ ಹೇಳಿಲ್ಲ. ಅವಳು ತೊಟ್ಟಿಲಲ್ಲಿ ನಿಂತು ಜಿಗಿಯುತ್ತಾಳೆ, ತೂಗಿಸಲು. ಮೊನ್ನೆ ಅದಕ್ಕೆ ಬೆನ್ನಿಗೆ ಒಂದು ಕೊಟ್ಟೆ. ಯಾಕೆ ಹೊಡೆದೆ ಅಂತ ಅವಳಿಗೂ ಗೊತ್ತಾಗಲಿಲ್ಲ, ಅವಳ ಅಪ್ಪನಿಗೂ ಗೊತ್ತಾಗಲಿಲ್ಲ.

ನಿನ್ನ ಅತ್ತಿಗೆ


ಮೇ 15

ಅತ್ತಿಗೆ,

ಬಟ್ಟೆ ತಲುಪಿತು. ಅದರ ಮಡಿಕೆಯಲ್ಲಿ ಅದೇ ಪುಡಿ, ಮೊದಲ ಬೇರಿಂಗಿನಲ್ಲಿ ಚಿಟಿಕೆಗೂ ಸಾಲದಷ್ಟಿದ್ದದ್ದು ಇಲ್ಲಿ ಬೆರಳಿಗೆ ಮೆತ್ತುವಷ್ಟಿದೆ. ಅಯಸ್ಕಾಂತ ಹಿಡಿದರೆ ಅದರಲ್ಲಿ ಹೊಳೆಯುವ ಚೂರುಗಳೂ ಬಂದವು. ಬರೀ ಪುಡಿಯಲ್ಲ, ಲೋಹವೂ ಉದುರುತ್ತಿದೆ.

ನಮ್ಮ ದೊಡ್ಡ ಪರೀಕ್ಷಕರ ಮುಂದೆ ಇಟ್ಟೆ. ಅವರು ಕೆಟ್ಟವರಲ್ಲ, ಸಮಾಧಾನವಾಗಿ ಕೇಳಿದರು. ಆಮೇಲೆ, "ಅಲ್ಲಮ್ಮ, ಬಟ್ಟೆ ನೋಡಿ ರೋಪ್‌ವೇ ನಿಲ್ಲಿಸಿ ಅಂತ ಬರೆಯೋಕಾಗುತ್ತಾ? ಇದು ಯಾವ ಯಂತ್ರ ಒರೆಸಿದ ಬಟ್ಟೆ ಅಂತ ಯಾರು ಹೇಳ್ತಾರೆ? ಬೇರಿಂಗು ನೋಡಿದ್ರೆ ಕನ್ನಡಿ ಥರ ಇದೆ" ಎಂದರು. ಬಟ್ಟೆಯನ್ನು ನನ್ನ ಕಡೆಗೆ ಸರಿಸಿ, "ಆ ಸಲದ ಪಿನ್ನು ನೆನಪಿದೆ ತಾನೇ?" ಎಂದೂ ಸೇರಿಸಿದರು. ನೆನಪಿಲ್ಲದೆ ಏನು! ತಂತಿಯವನ ಕಾಲು ನನ್ನ ಕನಸಿನಲ್ಲೂ ಕುಂಟುತ್ತದೆ. ಈ ಸಲವೂ ನಾನೇ ತಪ್ಪಾಗಿರಲಿ ಎಂದು ಬೇಡಿಕೊಳ್ಳುತ್ತಿದ್ದೇನೆ ಅತ್ತಿಗೆ. ಎಲ್ಲರೂ ಸೇರಿ ನನ್ನನ್ನು ಉಗಿದರೂ ಪರವಾಗಿಲ್ಲ.

ಆದರೆ ಬೇಡಿಕೊಂಡು ಕೂತರೆ ಆಗುವುದಿಲ್ಲ, ನೋಡಲೇಬೇಕು. ಸರಿಯಾಗಿ ಕೇಳಿ. ಸೋಮವಾರ ಚಕ್ರ ನಿಂತಿರುವಾಗ, ಬೇರಿಂಗನ್ನು ಮುಚ್ಚಿರುವ ಕಬ್ಬಿಣದ ಮನೆ ಮುಗಿದು ಚಕ್ರ ಶುರುವಾಗುವವರೆಗೆ ಶಾಫ್ಟು ಕೈಯಗಲದಷ್ಟು ಬರಿಮೈ ಇದೆಯಲ್ಲ, ಆ ಜಾಗಕ್ಕೆ ಸೀಮೆಎಣ್ಣೆ ಹಚ್ಚಿ ಬಿಡಿ. ಅರ್ಧ ದಿನ ನೆನೆಯಲಿ. ಆಮೇಲೆ ಒಣ ಬಟ್ಟೆಯಿಂದ ಒರೆಸಿ. ಹೌದು, ಈ ಸಲ ನಾನೇ ಹೇಳುತ್ತಿದ್ದೇನೆ, ಅಣ್ಣ ಒರೆಸುವಷ್ಟೇ ಚೆನ್ನಾಗಿ ಒರೆಸಿ. ಮೇಲೆ ಸೀಮೆಸುಣ್ಣವನ್ನು ಪುಡಿಮಾಡಿ ತೆಳ್ಳಗೆ ಸವರಿ, ಬಿಳಿಯಾಗಬೇಕು. ನಂತರ ಕಾಯಿರಿ. ಶಾಫ್ಟು ಗಟ್ಟಿಯಿದ್ದರೆ ಸುಣ್ಣ ಬೆಳ್ಳಗೇ ಇರುತ್ತದೆ. ಬಿರುಕಿದ್ದರೆ ಅದು ಕುಡಿದ ಎಣ್ಣೆಯನ್ನು ಹೊರಗೆ ಕಕ್ಕುತ್ತದೆ, ಸುಣ್ಣದ ಮೇಲೆ ಕೂದಲೆಳೆಯಂಥ ಕಪ್ಪು ಗೆರೆ ಮೂಡುತ್ತದೆ. ಬರೀ ಗೀರಾಗಿದ್ದರೆ ಒಮ್ಮೆ ಒರೆಸಿದ ಮೇಲೆ ಮತ್ತೆ ಬರುವುದಿಲ್ಲ. ಬಿರುಕು ಒರೆಸಿದರೂ ಬರುತ್ತದೆ.

ನೀವು ಒಬ್ಬರೇ ಮಾಡಬೇಕು. ತಿರುಗದ ಚಕ್ರವೇ ಆದರೂ ಜೋಪಾನ.

ನಿಮ್ಮ ನಾದಿನಿ


ಜೂನ್ 4

ಅತ್ತಿಗೆ,

ಎರಡು ಸೋಮವಾರ ಕಳೆದವು. ಒಂದು ಸಾಲೂ ಇಲ್ಲ. ಬೆಳಿಗ್ಗೆ ಅಂಚೆಯ ಚೀಲ ಬಂದಾಗ ಎಲ್ಲರಿಗಿಂತ ಮೊದಲು ಎದ್ದು ಹೋಗುತ್ತೇನೆ, ಬರಿಗೈಯಲ್ಲಿ ಬಂದು ಕೂರುತ್ತೇನೆ. ಅಣ್ಣನಿಗೆ ಗೊತ್ತಾಯಿತೇ? ಕಾಗದ ಸಿಕ್ಕಿಬಿತ್ತೇ? ಇಲ್ಲ, ನೀವೇ ನನ್ನನ್ನು ನಂಬುವುದು ಬಿಟ್ಟಿರೇ?

ತಡೆಯಲಾಗದೆ ನಿನ್ನೆ ರಜೆ ಹಾಕಿ ಬಸ್ಸು ಹತ್ತಿ ಕೆಳಗಿನ ನಿಲ್ದಾಣಕ್ಕೆ ಬಂದೆ. ಮೇಲೆ ಬಂದು ಅಣ್ಣನ ಕಾಲಿಗಾದರೂ ಬೀಳೋಣವೆಂದು ಟಿಕೆಟನ್ನೂ ತೆಗೆದುಕೊಂಡೆ. ಸಾಲಿನಲ್ಲಿ ನಿಂತೆ. ತೊಟ್ಟಿಲು ಬಂತು, ಬಾಗಿಲು ತೆಗೆದರು, ನನ್ನ ಕಾಲು ಮುಂದಕ್ಕೆ ಬರಲಿಲ್ಲ. ಹಿಂದಿನವರು, "ಹತ್ತಮ್ಮ, ಮೀನಮೇಷ ಎಣಿಸ್ಬೇಡ" ಎಂದು ಬೈದರು. ಪಕ್ಕಕ್ಕೆ ಸರಿದು ಕಂಬ ಹಿಡಿದುಕೊಂಡೆ. ಅಷ್ಟು ಹೆದರಿಕೆ ನನಗೆ ಯಾವತ್ತೂ ಆಗಿರಲಿಲ್ಲ.

ಆಗ ಗುಬ್ಬಿ ಶಾಲೆ ಮುಗಿಸಿಕೊಂಡು ಬಂದಳು. ಎಷ್ಟು ಉದ್ದವಾಗಿದ್ದಾಳೆ! ನನ್ನನ್ನು ಗುರುತು ಹಿಡಿಯುತ್ತಾಳೆಂದು ಅಂದುಕೊಂಡಿರಲಿಲ್ಲ. "ಅತ್ತೆ! ಮನೆಗೆ ಬರ್ತಿದೀರಾ?" ಎಂದು ಕೈ ಹಿಡಿದು ಎಳೆದಳು. ಇವತ್ತಿಲ್ಲ ಪುಟ್ಟ, ಇನ್ನೊಂದು ದಿನ ಎಂದೆ. ಪಕ್ಕದ ಅಂಗಡಿಯಿಂದ ಸೀಮೆಸುಣ್ಣದ ಡಬ್ಬಿ ಕೊಡಿಸಿ, ಅಮ್ಮನಿಗೆ ಕೊಡು, ಅಮ್ಮನಿಗೆ ಮಾತ್ರ ಎಂದು ಅವಳ ಚೀಲದಲ್ಲಿಟ್ಟೆ. ಆಮೇಲೆ ಅವಳು ತೊಟ್ಟಿಲು ಹತ್ತಿ ಕೈಬೀಸಿದಳು. ಕಣ್ಣೊರೆಸಿಕೊಂಡು ನಾನೂ ಕೈಬೀಸಿದೆ.

ನಾನು ಹತ್ತಲಾರದ್ದಕ್ಕೆ ಅವಳನ್ನು ಹತ್ತಿಸಿ ಕಳಿಸಿದೆನಲ್ಲ ಅತ್ತಿಗೆ! ಗೊತ್ತಿದ್ದೂ ಕಳಿಸಿದೆ. ಅದು ಚುಕ್ಕೆಯಾಗಿ ಮೇಲೆ ಮರೆಯಾಗುವವರೆಗೆ ನಿಂತಿದ್ದೆ. ಬಸ್ಸಿನಲ್ಲಿ ಪೂರ್ತಿ ಅತ್ತುಕೊಂಡೇ ಬಂದೆ. ಡಬ್ಬಿ ನಿಮ್ಮ ಕೈ ಸೇರಿದ್ದರೆ ಏನಾದರೂ ಬರೆಯಿರಿ. ಬೈದಾದರೂ ಬರೆಯಿರಿ.

ನಿಮ್ಮ ನಾದಿನಿ


ಜೂನ್ 9, ಸೋಮವಾರ ಸಂಜೆ

ಪುಟ್ಟೀ,

ಬರೆಯದೆ ಇದ್ದುದಕ್ಕೆ ಕಾರಣ ಹೆದರಿಕೆಯೇ. ಎರಡು ಸೋಮವಾರವೂ ಸೀಮೆಎಣ್ಣೆ ಹಿಡಿದು ಬಾಗಿಲವರೆಗೆ ಹೋಗಿ ವಾಪಸು ಬಂದೆ. ನೋಡದಿದ್ದರೆ ಇಲ್ಲ ಅಂತ ಇಟ್ಟುಕೊಳ್ಳಬಹುದಲ್ಲ. ಗುಬ್ಬಿ ಡಬ್ಬಿ ತಂದು ಕೈಗಿಟ್ಟು, "ಅತ್ತೆ ಅಳ್ತಿದ್ರು" ಎಂದಾಗ ನಾಚಿಕೆಯಾಯಿತು.

ಇವತ್ತು ನಿಮ್ಮಣ್ಣ ಕಂಬಗಳ ಕಡೆ ಹೋಗಿದ್ದಾಗ ನೀನು ಹೇಳಿದಂತೆಯೇ ಮಾಡಿದೆ. ಹಚ್ಚಿದೆ, ನೆನೆಯಲು ಬಿಟ್ಟೆ, ಒರೆಸಿದೆ, ಸುಣ್ಣ ಸವರಿದೆ. ಬೆಳ್ಳಗಿತ್ತು. ಎಷ್ಟು ಸಂತೋಷವಾಯಿತು ಗೊತ್ತಾ? ನಿನ್ನನ್ನು ಬೈಯಲು ಮಾತು ಜೋಡಿಸಿಕೊಳ್ಳುತ್ತಿದ್ದೆ. ಕಣ್ಣೆದುರಿಗೇ ಒಂದು ತುದಿಯಲ್ಲಿ ಸುಣ್ಣ ಒದ್ದೆಯಾಯಿತು. ಆಮೇಲೆ ಅದು ನಡೆಯಲು ಶುರುಮಾಡಿತು, ಯಾರೋ ಒಳಗಿನಿಂದ ಸೂಜಿಯಲ್ಲಿ ಗೀಚುತ್ತಿರುವ ಹಾಗೆ. ಶಾಫ್ಟಿನ ಆ ಬದಿಗೆ ತಿರುಗಿ ಮರೆಯಾಯಿತು. ನಾನು ಬಗ್ಗಿ ನೋಡಲಿಲ್ಲ.

ನಿಮ್ಮಣ್ಣ ಬಾಗಿಲಲ್ಲಿ ನಿಂತಿದ್ದರು. ಎಲ್ಲ ಹೇಳಿದೆ, ನಿನ್ನ ಕಾಗದಗಳನ್ನೂ ಹೇಳಿದೆ. ಕೂಗಾಡುತ್ತಾರೆ ಅಂದುಕೊಂಡೆ. ಕೂಗಲಿಲ್ಲ. "ಅದು ನನ್ನ ಎಮರಿ ಗೆರೆ. ಅವಳಿಗೆ ಗೆರೆ ಕಂಡಲ್ಲೆಲ್ಲ ಬಿರುಕು" ಎಂದು ಹೆಗಲ ಮೇಲಿನ ಬಟ್ಟೆ ತೆಗೆದು ಒಂದೇ ಎಳೆತಕ್ಕೆ ಒರೆಸಿ ಹೊರಟುಹೋದರು. ಆದರೆ ಊಟ ಮಾಡಲಿಲ್ಲ. ಕೈ ತೊಳೆಯುವುದನ್ನೂ ಮರೆತು ಕೂತಿದ್ದಾರೆ.

ನಾಳೆ ಬೆಳಿಗ್ಗೆ ಚಕ್ರ ತಿರುಗುತ್ತದೆ. ಗುಬ್ಬಿಗೆ ಹೊಟ್ಟೆನೋವು ಅಂತ ಹೇಳಿ ಮನೆಯಲ್ಲಿ ಉಳಿಸಿಕೊಳ್ಳೋಣ ಅಂದುಕೊಂಡೆ. ಆದರೆ ನಾನು ಕೌಂಟರಿನಲ್ಲಿ ಕೂತು ಉಳಿದ ಮಕ್ಕಳನ್ನೆಲ್ಲ ಹತ್ತಿಸಿ ನನ್ನದೊಂದನ್ನು ಮಾತ್ರ ಬಚ್ಚಿಟ್ಟರೆ, ಆ ತಾಯಂದಿರ ಮುಖ ಹೇಗೆ ನೋಡಲಿ? ಅವಳ ಕೈಯಲ್ಲೇ ಈ ಕಾಗದ ಕೊಟ್ಟು ಕೆಳಗೆ ಅಂಚೆ ಡಬ್ಬಿಗೆ ಹಾಕಲು ಹೇಳುತ್ತೇನೆ. ಕಾಗದ ನಿನಗೆ ತಲುಪಿದರೆ ಅವಳು ಇಳಿದಿದ್ದಾಳೆ ಅಂತ ತಿಳಿದುಕೋ.

ಅತ್ತಿಗೆ


ಜೂನ್ 10

ತಂಗೀ,

ಬೆಳಿಗ್ಗೆ ಮಕ್ಕಳ ತೊಟ್ಟಿಲುಗಳು ಇಳಿದ ಮೇಲೆ ಶಾಫ್ಟಿನ ಹತ್ತಿರ ಹೋದೆ. ನಿನ್ನ ಅತ್ತಿಗೆ ಸವರಿದ ಸುಣ್ಣ ಅಂಚಿನಲ್ಲಿ ಸ್ವಲ್ಪ ಉಳಿದಿತ್ತು. ಚಕ್ರ ನಿಲ್ಲಿಸಿ ನೋಡಿದೆ. ಅದರಲ್ಲಿ ಗೆರೆ ಇತ್ತು. ನಿನ್ನೆ ನಾನು ಒರೆಸಿದ ಗೆರೆ.

ಮತ್ತೆ ಒರೆಸಿದೆ. ಸುಣ್ಣ ಹಾಕಿದೆ. ಬಂತು. ಸೀಮೆಎಣ್ಣೆ ಹಚ್ಚದೆಯೇ ಬಂತು. ಇನ್ನೊಂದು ಸಲ ಗಟ್ಟಿಯಾಗಿ ತಿಕ್ಕಿದೆ. ಮತ್ತೂ ಬಂತು. ನಾನು ತಿಕ್ಕಿದರೆ ಹೋಗದ ಕಲೆ ಈ ಕೋಣೆಯಲ್ಲಿ ಇರಲಿಲ್ಲ.

ಹಗ್ಗದ ಮೇಲೆ ಇನ್ನೂ ಜನ ಇದ್ದರು. ಅವರನ್ನು ಇಳಿಸಬೇಕಾದರೆ ಅದೇ ಶಾಫ್ಟು ತಿರುಗಬೇಕು. ಬೇರೆ ದಾರಿಯಿಲ್ಲ. ಮೋಟಾರು ಆಫ್ ಮಾಡಿ ತಂತಿಯವನನ್ನೂ ಇನ್ನಿಬ್ಬರನ್ನೂ ಕರೆದು ಚಕ್ರವನ್ನು ಕೈಹಿಡಿಯಿಂದ ನಿಧಾನ ತಿರುಗಿಸಲು ಹೇಳಿದೆ. ಅವರು ತಿರುಗಿಸುವಾಗ ನಾನು ಅಂಗೈಯನ್ನು ಶಾಫ್ಟಿನ ಪಕ್ಕದ ಕಬ್ಬಿಣಕ್ಕೆ ಒತ್ತಿ ನಿಂತಿದ್ದೆ. ಏನಾದರೂ ಟಕ್ಕೆಂದರೆ ಕೈಗೆ ಗೊತ್ತಾಗಲಿ ಎಂದು. ಗೊತ್ತಾಗಿ ಏನು ಮಾಡುತ್ತಿದ್ದೆನೋ ಗೊತ್ತಿಲ್ಲ. ತೊಟ್ಟಿಲಿನವರು ತಡವಾಯಿತೆಂದು ನೇತಾಡುತ್ತಲೇ ನನ್ನನ್ನು ಬೈಯುತ್ತಿದ್ದರು. ಬೈಯಲಿ ಅನಿಸಿತು. ಕೊನೆಯವರು ಇಳಿದ ಗಂಟೆ ಕೇಳಿದಾಗ ಅಲ್ಲೇ ನೆಲದ ಮೇಲೆ ಕೂತೆ.

ಸಾಹೇಬರು ಓಡಿ ಬಂದರು. "ರಸ್ತೆ ಇಲ್ಲದ ಟೈಮಲ್ಲಿ ನಿಲ್ಲಿಸ್ತೀಯಾ? ಯಾರ ವರದಿ ಇದೆ ನಿನ್ನ ಹತ್ತಿರ?" ಎಂದರು. ನನ್ನ ತಂಗಿದು ಎಂದೆ. ತೋರಿಸು ಎಂದರು. ಯಂತ್ರದ ಕೋಣೆಯ ಬೀಗದ ಕೈ ನನ್ನ ಜೇಬಿನಲ್ಲಿತ್ತು. ಅಲ್ಲೇ ಇದೆ.

ಗುಬ್ಬಿ ಕೆಳಗೆ ಉಳಿದಳು. ರಸ್ತೆ ತೆರೆಯುವವರೆಗೆ ಅವಳು ಹತ್ತಿ ಬರುವಂತಿಲ್ಲ, ಕಾಲುದಾರಿ ಮಕ್ಕಳಿಗಲ್ಲ. ತಂತಿಯವನು ಈ ಕಾಗದ ತರುತ್ತಿದ್ದಾನೆ, ಅವಳನ್ನೂ ನಿನ್ನ ಮನೆಗೆ ಮುಟ್ಟಿಸುತ್ತಾನೆ. ಆ ಕಾಲಲ್ಲಿ ಬೇಡವೋ ಎಂದೆ. "ಒಂದ್ಸಲ ಬಿದ್ದ ದಾರಿ, ಎಲ್ಲಿ ಜಾರುತ್ತೆ ಅಂತ ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು?" ಎಂದು ನಕ್ಕು ಹೊರಟಿದ್ದಾನೆ. ಅವನಿಗೆ ಹೊಟ್ಟೆ ತುಂಬ ಊಟ ಹಾಕು.

ಅವಳಿಗೆ ಹಾಲು ಬಿಸಿ ಇರಬೇಕು. ಕತ್ತಲೆ ಎಂದರೆ ಹೆದರುತ್ತಾಳೆ, ದೀಪ ಆರಿಸಬೇಡ.

ಶಾಫ್ಟು ಬಿಚ್ಚಿ ಕಳಿಸುತ್ತೇನೆ. ನೀನೇ ಕೊಯ್ದು ನೋಡು. ಇದೂ ಬರೀ ಗೆರೆಯಾಗಿದ್ದರೆ ನನ್ನ ಕೆಲಸ ಹೋಗುತ್ತದೆ, ಹೋಗಲಿ.

ಅಣ್ಣ


ಜುಲೈ 22

ಅಣ್ಣಾ,

ರಸ್ತೆ ತೆರೆದ ಮೇಲೆ ಬಂದ ಮೊದಲ ಲಾರಿಯಲ್ಲೇ ಶಾಫ್ಟು ಬಂತು. ಮರದ ಹಲಗೆ ಬಿಚ್ಚಿದಾಗ ಕೋಣೆಯವರೆಲ್ಲ ಸುತ್ತ ನಿಂತರು. ಗ್ರೀಸು, ಕೆಂಪು ಕೆಸರು, ಬಟ್ಟೆಯ ದಾರ, ಸುಣ್ಣದ ಮೇಲೆ ಅತ್ತಿಗೆಯ ಬೆರಳ ಗುರುತು, ಎಲ್ಲ ಹಾಗೇ ಇತ್ತು. ನಿನ್ನ ಕೈಯಿಂದ ಅಂಥ ಕೊಳಕು ಸಾಮಾನು ಬಂದದ್ದು ಇದೇ ಮೊದಲು. ಎಷ್ಟು ಕಷ್ಟಪಟ್ಟು ಕೈ ಕಟ್ಟಿಕೊಂಡಿದ್ದೀಯೋ ನನಗೆ ಗೊತ್ತು ಅಣ್ಣಾ, ನಾನೂ ಅದೇ ಅಮ್ಮನ ಮಗಳು.

ಬೇರಿಂಗು ಕೂತ ಜಾಗ ಗೆದ್ದಲು ತಿಂದ ಹಲಗೆಯ ಹಾಗೆ ಗುಳಿಗುಳಿಯಾಗಿತ್ತು. ಗೆರೆಯ ಜಾಗ ತೆರೆದು ನೋಡಲು ಶಾಫ್ಟನ್ನು ಒತ್ತಿ ಮುರಿಯುವ ಪ್ರೆಸ್ಸಿನ ಕೆಳಗಿಟ್ಟರು. ಇಷ್ಟು ದಪ್ಪದ್ದು, ಹೊತ್ತು ಹಿಡಿಯುತ್ತದೆ ಎಂದು ಪ್ರೆಸ್ಸಿನವನು ಕುರ್ಚಿ ಎಳೆದು ಕೂತುಕೊಳ್ಳುತ್ತಿದ್ದ. ಪೂರ್ತಿ ಕೂರುವ ಮೊದಲೇ ಮುರಿಯಿತು. ಒಂದು ಸಣ್ಣ ಸದ್ದು, ಅಷ್ಟೇ. ದೊಡ್ಡ ಪರೀಕ್ಷಕರು ಕನ್ನಡಕ ತೆಗೆದು ಮತ್ತೆ ಹಾಕಿಕೊಂಡರು.

ಮುರಿದ ಮುಖದಲ್ಲಿ ಹಳೆಯದೂ ಹೊಸದೂ ಬೇರೆ ಬೇರೆ ಕಾಣುತ್ತವೆ. ಹಳೇ ಬಿರುಕು ಕಪ್ಪಗೆ, ನುಣ್ಣಗೆ, ಅದು ಸ್ವಲ್ಪ ಸ್ವಲ್ಪವೇ ಮುಂದೆ ಸರಿದು ನಿಂತು ನಿಂತು ಹೋದ ಗೆರೆಗಳು ಒಂದರ ಹಿಂದೊಂದು. ಪ್ರೆಸ್ಸು ಮುರಿದದ್ದು ಮಾತ್ರ ಬೆಳ್ಳಗೆ, ಸಕ್ಕರೆ ಹರಳಿನಂತೆ ಒರಟು. ಊರಿನವರೆಲ್ಲ, ಹಾಲಿನ ಕ್ಯಾನು, ಬಾಣಂತಿ, ಶಾಲೆಯ ಮಕ್ಕಳು, ಎಲ್ಲರೂ ತೂಗುತ್ತಿದ್ದದ್ದು ಆ ಬಿಳಿ ಭಾಗದ ಮೇಲೆ. ಅದು ಎಷ್ಟಿತ್ತು ಎಂದು ನಾನು ವರದಿಯಲ್ಲಿ ಅಳತೆ ಹಾಕಿ ಬರೆದಿದ್ದೇನೆ, ಸಹಿಯಾಗಿ ನಿಮ್ಮ ಸಾಹೇಬರಿಗೆ ಬರುತ್ತದೆ. ನಿನಗೆ ಬೇರೆ ರೀತಿ ಹೇಳುತ್ತೇನೆ.

ಮುರಿದ ಮುಖವನ್ನು ಮುಟ್ಟಬಾರದು ಎಂಬುದು ನಮ್ಮಲ್ಲಿ ಮೊದಲ ಪಾಠ. ಫೋಟೋ, ಅಳತೆ ಎಲ್ಲ ಮುಗಿದ ಮೇಲೆ ಗುಬ್ಬಿಯನ್ನು ಕರೆದುಕೊಂಡು ಹೋದೆ. ನಾಳೆ ಅವಳು ಬಸ್ಸಿನಲ್ಲಿ ಮನೆಗೆ ಬರುತ್ತಾಳೆ, ಹೋಗುವ ಮುಂಚೆ ನೋಡಲಿ ಎನಿಸಿತು. "ನಾನು ಕೂತಾಗ ಇಷ್ಟೇನಾ ಗಟ್ಟಿ ಇದ್ದದ್ದು ಅತ್ತೆ?" ಎಂದು ಆ ಬಿಳಿ ಭಾಗದ ಮೇಲೆ ಅಂಗೈ ಇಟ್ಟಳು. ಅಂಗೈಯ ಕೆಳಗೆ ಅದು ಪೂರ್ತಿ ಮುಚ್ಚಿಹೋಯಿತು ಅಣ್ಣಾ. ಸುತ್ತ ಕಪ್ಪು ಮಾತ್ರ ಉಳಿಯಿತು. ಅವಳನ್ನು ಎಳೆದು ತಬ್ಬಿಕೊಂಡೆ.

ಅವಳ ಕೈಗೆಲ್ಲ ಗ್ರೀಸು ಮೆತ್ತಿತ್ತು. ಒರೆಸಿಕೊಳ್ಳಲು ಬಟ್ಟೆ ಕೊಟ್ಟೆ. "ಬೇಡ, ಅಪ್ಪನಿಗೆ ತೋರಿಸ್ಬೇಕು, ಎಷ್ಟಿತ್ತು ಅಂತ" ಎಂದಳು. ನಾಳೆಯವರೆಗೆ ಆ ಕೈ ಹಾಗೇ ಇರುತ್ತದೆಯೇ, ಊಟ ಬೇಡವೇ? ಅದಕ್ಕೆ ಈ ಕಾಗದದ ಮೇಲೆಯೇ ಒತ್ತಿಸಿದ್ದೇನೆ. ತಿರುಗಿಸಿ ನೋಡು, ಹಿಂಬದಿಯಲ್ಲಿದೆ. ಕೊಳಕೆಂದು ಒರೆಸಬೇಡ.

ನಿನ್ನ ತಂಗಿ